ಸೇಂಟ್ ಹೆಲೆನಾದವರ ಟ್ರಸ್ಟಿನಂಥದ್ದು ಕೊಡಗಿಗೆ ಆಗಿಬರುತ್ತದಾ?

ಸೂರ್ಲಬ್ಬಿಮಳೆ
ಭಾನುವಾರ, ರಾತ್ರಿ 8:40

ಕಾಫಿಯ ಹಳೇ ತಳಿಗಳ ಬಗ್ಗೆ ಓದ್ತಾ ಓದ್ತಾ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ ಮುಟ್ಟಿದೆ. ನೆಪೋಲಿಯನ್‌ನನ್ನು ಗಡೀಪಾರು ಮಾಡಿ ಇಟ್ಟಿದ್ದ ಜಾಗ ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಓದಿರ್ತೀರಿ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಆಫ್ರಿಕಾ ಕರಾವಳಿಯಿಂದ ಸುಮಾರು 1900 ಕಿ.ಮೀ. ಆಚೆ. ವಿಸ್ತೀರ್ಣ ಬರೀ 122 ಚದರ ಕಿ.ಮೀ. (ನಮ್ಮ ಜಿಲ್ಲೆ 4102). ಜನ ನಾಲ್ಕೂವರೆ ಸಾವಿರದ ಒಳಗೆ. ಗೋಣಿಕೊಪ್ಪ ಸಂತೆ ದಿನ ಅದಕ್ಕಿಂತ ಜಾಸ್ತಿ ಜನ ಸೇರ್ತಾರೆ.

ಕಂಪನಿ ಸರ್ಕಾರದವರು 1733ರಲ್ಲಿ ಯೆಮೆನ್‌ನ ಮೋಕಾದಿಂದ ಕಾಫಿ ಬೀಜ ತಂದು ಅಲ್ಲಿ ಹಾಕಿದರು. ಈಗಲೂ ಅದೇ ಗ್ರೀನ್ ಟಿಪ್ಡ್ ಬೋರ್ಬನ್ ತಳಿ ಬೆಳೀತಾರೆ. ಆದರೆ ನಾನು ಹೇಳಬೇಕೆಂದಿದ್ದು ಕಾಫಿ ವಿಷಯ ಅಲ್ಲ.

ಆ ದ್ವೀಪದಲ್ಲಿ ಸೇಂಟ್ ಹೆಲೆನಾ ನ್ಯಾಷನಲ್ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, 2002ರಿಂದ ಕೆಲಸ ಮಾಡ್ತಾ ಇದೆ. ದಾನ, ಅನುದಾನ, ಸ್ವಯಂಸೇವಕರು, ಇದರ ಮೇಲೇ ನಡೆಯೋದು. ನನಗೆ ಹಿಡಿಸಿದ್ದು ಏನಂದ್ರೆ, ಅವರ ಕೈಯಲ್ಲಿ ಕಾಡೂ ಇದೆ, ಕೋಟೆಯೂ ಇದೆ. ಹಾಳಾಗಿದ್ದ ಬಯಲಿನಲ್ಲಿ ದ್ವೀಪದ್ದೇ ಗಮ್‌ವುಡ್ ಮರಗಳ ಕಾಡು ಮತ್ತೆ ಎಬ್ಬಿಸ್ತಾ ಇದ್ದಾರೆ, ಅದಕ್ಕೆ ಮಿಲೆನಿಯಂ ಫಾರೆಸ್ಟ್ ಅಂತ ಹೆಸರು. ವೈರ್‌ಬರ್ಡ್ ಅನ್ನೋ ಅಲ್ಲಿನ ಟಿಟ್ಟಿಭ ಜಾತಿಯ ಹಕ್ಕಿಗೆ ಕಾವಲು ಕೂರ್ತಾರೆ. ಹೈ ನೋಲ್ ಅನ್ನೋ ಬೆಟ್ಟದ ಕೋಟೆ ನೋಡಿಕೊಳ್ತಾರೆ. ಎಲ್ಲಾ ಒಂದೇ ಆಫೀಸಿನಿಂದ.

ನಮ್ಮಲ್ಲಿ ಕಾಡು ಅಂದ್ರೆ ಒಂದು ಇಲಾಖೆ, ಅರಮನೆ ಅಂದ್ರೆ ಇನ್ನೊಂದು, ದೇವಸ್ಥಾನ ಅಂದ್ರೆ ಮತ್ತೊಂದು. ಹಾಗಿದ್ರೆ ದೇವರಕಾಡು ಯಾರದ್ದು? ಕೊಡಗಿಗೆ ಅಂಥದೊಂದು ಟ್ರಸ್ಟ್ ಕಟ್ಟೋಕೆ ಆಗುತ್ತದಾ? ತಿಳಿದವರು ಹೇಳಿ.

ಕುಶಾಲನಗರದವ
ಭಾನುವಾರ, ರಾತ್ರಿ 9:05

ದ್ವೀಪ ಬೇಕಾದ್ರೆ ಅಟ್ಲಾಂಟಿಕ್‌ಗೆ ಯಾಕೆ ಹೋಗ್ತೀರಾ ಅಣ್ಣಾ, ನಮ್ಮ ಮನೆ ಪಕ್ಕದಲ್ಲೇ ಇದೆಯಲ್ಲ. ಕಾವೇರಿ ನಿಸರ್ಗಧಾಮ. 64 ಎಕರೆ, ಸುತ್ತ ಹೊಳೆ, ಒಳಗೆ ಬಿದಿರು. ತೂಗುಸೇತುವೆ ಕಟ್ಟಿದ್ದು ಜನ ದ್ವೀಪ ನೋಡಲಿ ಅಂತ. ಈಗ ಸೇತುವೆ ನೋಡೋಕೇ ಬರ್ತಾರೆ, ಅದರ ಮೇಲೆ ನಿಂತು ಫೋಟೋ ಹೊಡ್ಕೊಂಡು ಹೋಗ್ತಾರೆ. ಮಳೆಗಾಲದಲ್ಲಿ ಹೊಳೆ ಏರಿದ್ರೆ ಗೇಟಿಗೆ ಬೀಗ. ದ್ವೀಪಕ್ಕೆ ಉಸಿರಾಡೋಕೆ ಸಿಗೋದು ಆಗ ಮಾತ್ರ.

ಟ್ರಸ್ಟ್ ಕಟ್ಟಿದ್ರೂ ಕಡೆಗೆ ಆಗೋದು ಟಿಕೆಟ್ ಕೌಂಟರ್ ಮತ್ತು ಚುರುಮುರಿ ಅಂಗಡಿಯೇ.

ಕಡಂಗದಂಚು
ಭಾನುವಾರ, ರಾತ್ರಿ 10:20

ಸೂರ್ಲಬ್ಬಿಯವರು ಎತ್ತಿದ ಹೆಸರು ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಸೇಂಟ್ ಹೆಲೆನಾವನ್ನು 1502ರಲ್ಲಿ ಪೋರ್ಚುಗೀಸರು ಕಂಡರು. ಆಗ ಅಲ್ಲಿ ನರಪಿಳ್ಳೆ ಇರಲಿಲ್ಲ. ಬರುವ ಹೋಗುವ ಹಡಗುಗಳಿಗೆ ಮಾಂಸ ಇರಲಿ ಎಂದು ಮೇಕೆ ಬಿಟ್ಟರು. ಮೇಕೆಗಳು ದ್ವೀಪವನ್ನೇ ಮೇಯ್ದವು. 1659ರಿಂದ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಭಾರತದಿಂದ ಲಂಡನ್ನಿಗೆ ಹೋಗುವ ಹಡಗುಗಳು ನೀರು ತುಂಬಿಸಿಕೊಳ್ಳುವ ತಾಣವಾಯಿತು.

ಈಗ ಈ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1834ರ ಏಪ್ರಿಲ್ 6ರಂದು ಕಂಪನಿಯ ಪಡೆ ಮಡಿಕೇರಿ ಕೋಟೆಯ ಮೇಲೆ ಬಾವುಟ ಏರಿಸಿತು. ಚಿಕ್ಕವೀರರಾಜೇಂದ್ರ ಶರಣಾದ, ಮುಂದಿನ ತಿಂಗಳು ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿತು. ಅದೇ ಏಪ್ರಿಲ್ 22ರಂದು ಸೇಂಟ್ ಹೆಲೆನಾ ಕಂಪನಿಯ ಕೈಬಿಟ್ಟು ಇಂಗ್ಲೆಂಡಿನ ರಾಜನಿಗೆ ಸೇರಿತು. ಒಂದೇ ತಿಂಗಳಲ್ಲಿ ಕಂಪನಿ ಒಂದು ಬೆಟ್ಟದ ನಾಡನ್ನು ಹಿಡಿಯಿತು, ಒಂದು ಬೆಟ್ಟದ ದ್ವೀಪವನ್ನು ಬಿಟ್ಟಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಗಡೀಪಾರಿನ ಕಥೆಯೂ ಅಷ್ಟೇ. ನೆಪೋಲಿಯನ್ 1815ರಲ್ಲಿ ಅಲ್ಲಿಗೆ ಹೋದ, 1821ರಲ್ಲಿ ಅಲ್ಲೇ ಸತ್ತ. ನಮ್ಮ ರಾಜನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲೇ ತೀರಿಕೊಂಡ. ನೆಪೋಲಿಯನ್ ಇದ್ದ ಲಾಂಗ್‌ವುಡ್ ಮನೆಯನ್ನು ಫ್ರಾನ್ಸ್ 1858ರಲ್ಲೇ ಕೊಂಡುಕೊಂಡು ಇವತ್ತಿಗೂ ನೋಡಿಕೊಳ್ಳುತ್ತಿದೆ. ದೊಡ್ಡವೀರರಾಜೇಂದ್ರ ಕಕ್ಕಬ್ಬೆಯ ಹತ್ತಿರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಗೆ ಹೋಗಿ ಬನ್ನಿ. ಬಣ್ಣದ ಚಿತ್ರಗಳಿರುವ ಗೋಡೆಯಲ್ಲಿ ಪ್ರವಾಸಿಗಳು ಮೊಳೆಯಿಂದ ತಮ್ಮ ಹೆಸರು ಕೊರೆದಿದ್ದಾರೆ, ಪಕ್ಕದಲ್ಲೊಂದು ಹೃದಯದ ಗುರುತು.

ಅರಮನೆಗಳಿಗಾದರೂ ಬೋರ್ಡಿದೆ. ಕಡಂಗಗಳ ಗತಿ ಏನು? ನಾಡು ನಾಡಿನ ನಡುವೆ ಹಿಂದಿನವರು ತೋಡಿದ ಯುದ್ಧದ ಕಂದಕಗಳು. ಮೈಲುಗಟ್ಟಲೆ ಬೆಟ್ಟದ ಮೇಲೆ ಹರಿದಿದ್ದವು. ಜೆಸಿಬಿ ಬಂದ ಮೇಲೆ ತೋಟದ ರಸ್ತೆಗೆ ಅದೇ ಸಲೀಸು ಎಂದು ಎಷ್ಟೋ ಕಡೆ ಮುಚ್ಚಿಹೋದವು. ಕಡಂಗ ಕಾಡಿನದ್ದೋ, ಇತಿಹಾಸದ್ದೋ? ಅದರೊಳಗೆ ಮರ ಬೆಳೆದು ನಿಂತಿದೆ, ಹಾಗಾಗಿ ಇಬ್ಬರೂ ನಮ್ಮದಲ್ಲ ಎನ್ನುತ್ತಾರೆ.

ಜಮ್ಮಾಬಾಣೆ
ಸೋಮವಾರ, ಬೆಳಿಗ್ಗೆ 7:15

ಮಾಸ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ನಾನು ಕಾಗದಪತ್ರದ ಕಡೆಯಿಂದ ಮಾತಾಡ್ತೀನಿ.

ಟ್ರಸ್ಟ್ ರಿಜಿಸ್ಟರ್ ಮಾಡೋದು ದೊಡ್ಡ ವಿಷಯ ಅಲ್ಲ. ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಹತ್ರ ನೋಂದಾಯಿಸಬಹುದು. ಇಲ್ಲಾಂದ್ರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬೇಕಾದ್ರೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆ ನೋಂದಣಿ. ಹೊರದೇಶದ ದುಡ್ಡು ಬೇಕಾದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ, ಅದು ಬೇರೆಯೇ ತಲೆನೋವು.

ಕಷ್ಟ ಇರೋದು ಜಾಗದಲ್ಲಿ. ಜಿಲ್ಲೆಯಲ್ಲಿ 1214 ದೇವರಕಾಡುಗಳ ಲೆಕ್ಕ ಇದೆ. ಸುಮಾರು 2550 ಹೆಕ್ಟೇರ್. 1905ರಲ್ಲಿ ಅವನ್ನು ಕಂದಾಯ ಇಲಾಖೆಗೆ ಕೊಟ್ಟರು. 1985ರಲ್ಲಿ ವಾಪಸ್ ಅರಣ್ಯ ಇಲಾಖೆಗೆ. ನಡುವಿನ 80 ವರ್ಷದಲ್ಲಿ ಬೇಲಿ ಎಷ್ಟು ಸರಿದಿದೆ ಅಂತ ಪ್ರತಿ ಊರಿನವರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳಲ್ಲ. ಯಾಕಂದ್ರೆ ಸರಿಸಿದವರು ನಮ್ಮ ನೆಂಟರೇ.

ಒಂದು ಟ್ರಸ್ಟ್ ಹೋಗಿ ಈ ಕಾಡು ನಮಗೆ ಕೊಡಿ ಅಂದ್ರೆ ಕೊಡಲ್ಲ, ಕೊಡೋಕೆ ಕಾನೂನಿನಲ್ಲಿ ದಾರಿಯೂ ಇಲ್ಲ. ಅದು ಸರ್ಕಾರಿ ಅರಣ್ಯ. ಹಾಗಾಗಿ ಮೊದಲ ಪ್ರಶ್ನೆ: ಒಡೆತನ ಇಲ್ಲದೆ ಟ್ರಸ್ಟ್ ಮಾಡೋದಾದ್ರೂ ಏನು?

ಸೂರ್ಲಬ್ಬಿಮಳೆ
ಸೋಮವಾರ, ಬೆಳಿಗ್ಗೆ 8:02

ಸರ್, ಅಲ್ಲೂ ದ್ವೀಪ ಟ್ರಸ್ಟಿನ ಸ್ವತ್ತಲ್ಲ. ಸರ್ಕಾರದ ಜಾಗ ಇದೆ, ಫ್ರಾನ್ಸಿನ ಜಾಗವೂ ಇದೆ. ಮೇಲಿನ ಬೆಟ್ಟದ ಮಂಜಿನ ಕಾಡಿನಲ್ಲಿ ಸರ್ಕಾರದವರು, ಹೊರಗಿನ ಸಂಸ್ಥೆಗಳು, ಟ್ರಸ್ಟಿನವರು ಸೇರಿ ಕೆಲಸ ಮಾಡ್ತಾರೆ. ಟ್ರಸ್ಟಿನ ಬಂಡವಾಳ ಅಂದ್ರೆ ಕೆಲಸ ಗೊತ್ತಿರೋ ಜನ, ಮತ್ತೆ ಬಿಡದೆ ಬರೆದಿಟ್ಟ ಲೆಕ್ಕ. ವೈರ್‌ಬರ್ಡ್ ಹಕ್ಕಿ 2006ರ ಹೊತ್ತಿಗೆ 200ರ ಆಸುಪಾಸಿಗೆ ಇಳಿದಿತ್ತು. ಪ್ರತಿ ವರ್ಷ ಎಣಿಸಿದ್ರು, ಗೂಡು ಹಾಳುಮಾಡೋ ಕಾಡುಬೆಕ್ಕು ಇಲಿಗಳನ್ನು ಹಿಡಿಸಿದ್ರು. 2016ರಲ್ಲಿ ಅದು ತೀವ್ರ ಅಪಾಯದ ಪಟ್ಟಿಯಿಂದ ಕೆಳಗಿಳಿಯಿತು. ಒಡೆತನದ ಪತ್ರ ಇಟ್ಟುಕೊಂಡು ಮಾಡಿದ ಕೆಲಸ ಅಲ್ಲ ಇದು.

ನಮ್ಮ ಯಾವ ದೇವರಕಾಡಿನಲ್ಲಿ ಎಷ್ಟು ಮಂಗಟ್ಟೆ ಹಕ್ಕಿ ಇದೆ ಅಂತ ವರ್ಷ ವರ್ಷ ಎಣಿಸಿದವರು ಎಷ್ಟು ಜನ ಇದ್ದೀರಿ?

ಅರೇಬಿಕಾ ಅಕ್ಕ
ಸೋಮವಾರ, ಮಧ್ಯಾಹ್ನ 1:30

ನನಗೆ ಆ ದ್ವೀಪದ ಕಥೆಯಲ್ಲಿ ಹೊಟ್ಟೆಗೆ ನಾಟಿದ್ದು ಫ್ಲ್ಯಾಕ್ಸ್ ವಿಷಯ. ಇಲ್ಲಿ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ.

ನ್ಯೂಜಿಲೆಂಡ್ ಫ್ಲ್ಯಾಕ್ಸ್ ಅಂದ್ರೆ ಕತ್ತಾಳೆ ಥರ ಉದ್ದ ಎಲೆಯ ನಾರಿನ ಗಿಡ. ಹಗ್ಗ, ಹುರಿ ಮಾಡೋಕೆ 1900ರ ನಂತರ ಬೆಟ್ಟದ ತುಂಬಾ ಹಾಕಿದ್ರು. ಇಡೀ ದ್ವೀಪದ ಸಂಪಾದನೆ ಅದೇ ಆಯ್ತು. ದೊಡ್ಡ ಗಿರಾಕಿ ಬ್ರಿಟನ್ನಿನ ಅಂಚೆ ಇಲಾಖೆ, ಕಾಗದದ ಕಟ್ಟು ಕಟ್ಟೋಕೆ ಹುರಿ ಬೇಕಲ್ಲ. 1960ರ ದಶಕದಲ್ಲಿ ಅಂಚೆಯವರು ಸಿಂಥೆಟಿಕ್ ದಾರಕ್ಕೆ ಹೋದ್ರು. 1966ಕ್ಕೆ ಉದ್ಯಮವೇ ಮುಚ್ಚಿತು. ಗಿಡ ಮಾತ್ರ ಹೋಗಲಿಲ್ಲ. ಬೆಟ್ಟದ ತುದಿಯ ಮಂಜಿನ ಕಾಡನ್ನು ಇವತ್ತಿಗೂ ನುಂಗ್ತಾ ಇದೆ. ಆ ಬೆಟ್ಟ ಡಯಾನಾಸ್ ಪೀಕ್ ಸುಮಾರು 820 ಮೀಟರ್, ನಮ್ಮ ಮಡಿಕೇರಿ ಪೇಟೆಗಿಂತ ತಗ್ಗು. ಆದರೆ ಮೋಡ ಬಂದು ಮರಕ್ಕೆ ತಾಗಿ ನೀರಾಗಿ ಇಳಿಯೋದು ಅಲ್ಲಿಂದಲೇ. ಕಾಡು ಹೋದ್ರೆ ಕೆಳಗಿನವರ ನಲ್ಲಿ ಒಣಗುತ್ತೆ.

ಈಗ ನಮ್ಮ ತೋಟಕ್ಕೆ ಬನ್ನಿ. ಅಜ್ಜನ ಕಾಲದಲ್ಲಿ ನೆರಳಿಗೆ ನಂದಿ, ಮತ್ತಿ, ಹಲಸು, ಅತ್ತಿ, ಹೊನ್ನೆ. ಈಗ ಸಿಲ್ವರ್ ಓಕ್. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬುತ್ತೆ. ಮುಖ್ಯ ವಿಷಯ, ಕಡಿದು ಮಾರೋಕೆ ತೊಂದರೆ ಇಲ್ಲ. ಕಾಡುಮರ ಕಡಿಯಬೇಕಾದ್ರೆ ಪರ್ಮಿಟ್ಟು, ಅಳತೆ, ಅಲೆದಾಟ. ಹಾಗಾದ ಮೇಲೆ ಸಸಿಮಡಿಯಿಂದ ನಂದಿ ಗಿಡ ಯಾರು ತರ್ತಾರೆ? ಮರ ಉಳಿಸೋಕೆ ಮಾಡಿದ ನಿಯಮವೇ ಆ ಮರ ನೆಡದ ಹಾಗೆ ಮಾಡಿದೆ. ನಾವು ಬೆಳೆಗಾರರು ದುಡ್ಡಿಗೆ ಬಿದ್ದಿದ್ದೇವೆ ಅನ್ನೋದು ಸುಲಭ. ಒಂದು ಹಲಸು ಕಡಿಯೋಕೆ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿ ನೋಡಿ, ಆಮೇಲೆ ಮಾತಾಡಿ.

ಆಚೆ ಸಿಂಥೆಟಿಕ್ ದಾರ ಬಂದ ಹಾಗೆ ನಾಳೆ ಸಿಲ್ವರ್ ಮರಕ್ಕೂ ಗಿರಾಕಿ ಇಲ್ಲ ಅಂತಾದ್ರೆ ಏನು ಮಾಡ್ತೀರಾ?

ಕಾವೇರಿಯಿಂದ ಕೆಂಗೇರಿ
ಸೋಮವಾರ, ರಾತ್ರಿ 9:48

ಬೆಂಗಳೂರಿನಲ್ಲಿ ಐಟಿ ಕೆಲಸ, ಊರು ನಾಪೋಕ್ಲು ಕಡೆ. ದುಡ್ಡಿನ ಬಗ್ಗೆ ಯೋಚನೆ ಬೇಡ. ಕಂಪನಿಗಳ ಹತ್ರ ಸಮಾಜದ ಕೆಲಸಕ್ಕೆ ಅಂತ ತೆಗೆದಿಡೋ ಸಿಎಸ್‌ಆರ್ ಫಂಡ್ ಕೊಳೀತಾ ಬಿದ್ದಿದೆ. ಒಂದು ಒಳ್ಳೇ ಲೋಗೋ, ವೆಬ್‌ಸೈಟ್, ಡ್ರೋನ್ ವಿಡಿಯೋ ಇದ್ರೆ ಸಾಕು. ಒಬ್ಬೊಬ್ಬರು ಒಂದೊಂದು ಮರ ದತ್ತು ತಗೊಳ್ಳೋ ಆ್ಯಪ್ ನಾನೇ ಮಾಡಿಕೊಡ್ತೀನಿ. ಮರಕ್ಕೊಂದು ಕ್ಯೂಆರ್ ಕೋಡ್. ವೀಕೆಂಡ್ ಬಂದು ನಮ್ಮ ಮರ ನೋಡಿಕೊಂಡು ಹೋಗಬಹುದು.

ಕುಶಾಲನಗರದವ
ಸೋಮವಾರ, ರಾತ್ರಿ 9:55

ಅಯ್ಯಪ್ಪನ ಬನಕ್ಕೆ ಕ್ಯೂಆರ್ ಕೋಡಾ? ಚಪ್ಪಲಿ ಹಾಕ್ಕೊಂಡು ಒಳಗೆ ಹೋಗೋ ಹಾಗಿಲ್ಲ ಕಣ್ರೀ ಕೆಲವು ಕಾಡಿಗೆ. ನೀವು ಮೊಳೆ ಹೊಡೆದು ಬೋರ್ಡ್ ಹಾಕ್ತೀನಿ ಅಂತೀರಲ್ಲ.

ಲಂಟಾನ ಕತ್ತಿ
ಸೋಮವಾರ, ರಾತ್ರಿ 11:10

ಡ್ರೋನ್ ಬೇಡ, ಗುದ್ದಲಿ ಹಿಡಿಯೋ ನಾಲ್ಕು ಜನ ಕಳಿಸಿ.

ನಾನು ಕಾಡಿನ ಕಳೆ ತೆಗೆಯೋ ಕೆಲಸ ಮಾಡಿಸೋನು. ದೇವರಕಾಡಿಗೆ ಈಗ ಇರೋ ದೊಡ್ಡ ಕಾಟ ಕೊಡಲಿಯದ್ದಲ್ಲ, ಅಂಚಿನಿಂದ ನುಗ್ಗೋ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡದ್ದು. ಮೊದಲು ಹತ್ತಾರು ಎಕರೆ ಇದ್ದ ಕಾಡು ಈಗ ಎರಡು ಮೂರು ಎಕರೆಗೆ ಇಳಿದಿರುತ್ತೆ, ಸುತ್ತ ತೋಟ. ಸಣ್ಣ ಕಾಡಿಗೆ ಅಂಚೇ ಜಾಸ್ತಿ. ಬಿಸಿಲು ಒಳಗೆ ಬಿದ್ದ ಕೂಡಲೇ ಲಂಟಾನ ಏಳುತ್ತೆ.

ಕತ್ತಿಯಲ್ಲಿ ಮೇಲಿಂದ ಸವರಿದ್ರೆ ಒಂದು ಮಳೆಗೆ ಎರಡರಷ್ಟು ಚಿಗುರು. ಸರಿಯಾದ ವಿಧಾನ ಏನಂದ್ರೆ, ಬುಡದ ಮಣ್ಣು ಕೈಯಲ್ಲಿ ಸರಿಸಿ, ಬೇರು ಶುರುವಾಗೋ ಗಂಟಿನಿಂದ ಮೂರು ನಾಲ್ಕು ಇಂಚು ಕೆಳಗೆ ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಬಿಡಬೇಕು, ಬೇರು ಆಕಾಶಕ್ಕೆ. ಹಾಗಾದ್ರೆ ಮತ್ತೆ ಮಣ್ಣು ಹಿಡಿಯಲ್ಲ. ಕೆಲಸ ಮಾಡಬೇಕಾದ್ದು ಕಾಯಿ ಹಣ್ಣಾಗೋ ಮುಂಚೆ. ಮಳೆ ಬಂದ ಮೇಲೆ ಹೊಸ ಸಸಿ ಏಳ್ತವೆ, ಅದನ್ನು ಕೈಯಲ್ಲಿ ಕೀಳಬೇಕು. ಮಾರನೇ ವರ್ಷ ಮತ್ತೆ. ಅದರ ಮಾರನೇ ವರ್ಷವೂ. ಅನುದಾನ ಬರೋದು ಒಂದು ವರ್ಷಕ್ಕೆ, ಲಂಟಾನಕ್ಕೆ ಅದು ಗೊತ್ತಿಲ್ಲ.

ಆಮೇಲೆ ಇಳಿಜಾರಿನಲ್ಲಿ ಒಂದೇ ಸಲ ಎಲ್ಲಾ ಕಿತ್ತು ಬೋಳು ಮಾಡಬಾರದು. 2018ರ ಆಗಸ್ಟ್ ನೋಡಿದವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟವೇ ಇಳಿದು ಬಂತು. ಸಣ್ಣ ಸಣ್ಣ ತುಂಡು ತೆಗೆದು, ಅಲ್ಲೇ ಅದೇ ಕಾಡಿನ ಬೀಜದ ಗಿಡ ಹಾಕಿ, ಅದು ಹಿಡಿದ ಮೇಲೆ ಮುಂದಿನ ತುಂಡು. ಸೇಂಟ್ ಹೆಲೆನಾದವರು ಫ್ಲ್ಯಾಕ್ಸ್ ತೆಗೆಯೋದೂ ಹೀಗೇ ತುಂಡು ತುಂಡಾಗಿ.

ಹೋದ ವರ್ಷ ಒಂದು ಅಯ್ಯಪ್ಪನ ಕಾಡಿನಲ್ಲಿ ಪೊದೆ ಎತ್ತಿದ್ರೆ ಕೆಳಗೆ ಹರಕೆಯ ಮಣ್ಣಿನ ನಾಯಿಗಳು. ಗೋಣಿಚೀಲದಷ್ಟು. ಕೆಲವಕ್ಕೆ ಕಿವಿ ಇಲ್ಲ, ಕೆಲವಕ್ಕೆ ಕಾಲಿಲ್ಲ, ಒಂದರ ಬಾಯಲ್ಲಿ ಇರುವೆ ಗೂಡು ಕಟ್ಟಿತ್ತು. ಲಂಟಾನದ ಬೇರು ಅವುಗಳ ಹೊಟ್ಟೆ ಒಳಗೆ ಹೊಕ್ಕಿತ್ತು. ಕೆಲಸದವರು ಕತ್ತಿ ಕೆಳಗಿಟ್ಟರು. ಮುಂದೆ ಏನು ಮಾಡೋದು ಅಂತ ಯಾರಿಗೂ ಗೊತ್ತಿಲ್ಲ. ತಕ್ಕರನ್ನು (ಊರು, ದೇವಸ್ಥಾನದ ಮುಖ್ಯಸ್ಥರು) ಕರೆಸಿ, ಅವರು ಬಂದು ಕೈಮುಗಿದು, ಇದ್ದಲ್ಲೇ ಇರಲಿ ಅಂದ ಮೇಲೆ ಸುತ್ತ ಕೈಯಲ್ಲಿ ಬಿಡಿಸಿದ್ವಿ. ಅರ್ಧ ದಿನ ಹೋಯ್ತು. ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಕಡಂಗದಂಚು
ಮಂಗಳವಾರ, ಬೆಳಿಗ್ಗೆ 6:30

ಕತ್ತಿಯವರೇ, ಆ ನಾಯಿಗಳ ಫೋಟೋ ತೆಗೆದಿದ್ದೀರಾ? ಅವುಗಳ ಮಾಟ ನೋಡಿ ಯಾವ ಊರಿನ ಕುಂಬಾರರದ್ದು ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ಒಂದು ಪೊದೆ ಕೇಳುವ ಪ್ರಶ್ನೆಯೇ ಮೊದಲಿನಿಂದ ನಾವಿಲ್ಲಿ ಕೇಳುತ್ತಿರುವುದು. ಗಿಡ ತೆಗೆಯುವವನಿಗೆ ಹರಕೆ ಗೊತ್ತಿರಬೇಕು, ಹರಕೆ ಗೊತ್ತಿರುವವನಿಗೆ ಗಿಡ ಗೊತ್ತಿರಬೇಕು. ನನಗೆ ಟ್ರಸ್ಟ್ ಎಂದರೆ ಇಷ್ಟೇ.

ಲಂಟಾನ ಕತ್ತಿ
ಮಂಗಳವಾರ, ಬೆಳಿಗ್ಗೆ 6:52

ತೆಗೆದಿಲ್ಲ ಮಾಸ್ಟ್ರೇ. ತಕ್ಕರು ಬೇಡ ಅಂದ್ರು.

ಹಾಡಿಯಿಂದ
ಮಂಗಳವಾರ, ಮಧ್ಯಾಹ್ನ 12:40

ಎಲ್ಲರ ಮಾತು ಓದಿದೆ. ನಾನು ಯರವ ಬುಡಕಟ್ಟಿನ ಹುಡುಗ, ತೋಟದ ಲೈನ್ ಮನೆಯಲ್ಲಿ ಬೆಳೆದವನು. ಡಿಗ್ರಿ ಮುಗಿಸಿದ್ದೇನೆ.

ಪರಂಪರೆ ಅಂದ್ರೆ ನಿಮ್ಮ ಬಾಯಲ್ಲಿ ರಾಜ ಬರ್ತಾನೆ, ಅರಮನೆ ಬರುತ್ತೆ, ಕಾಫಿ ತೋಟ ಬರುತ್ತೆ. ತೋಟ ಮಾಡಿದ ಕೈ ಬರಲ್ಲ. ಕಾಡು ಉಳಿಸ್ತೀವಿ ಅಂತ ನಾಗರಹೊಳೆಯಿಂದ ಹೊರಗೆ ಹಾಕಿದ್ದು ಯಾರನ್ನು? ಜೇನುಕುರುಬರನ್ನ, ಯರವರನ್ನ. ಆಗಲೂ ಸಂರಕ್ಷಣೆ ಅನ್ನೋ ಹೆಸರೇ ಇತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಕಾಯ್ತಾ ಇರೋರು ಇದ್ದಾರೆ.

ಸೇಂಟ್ ಹೆಲೆನಾ ಬಗ್ಗೆ ನಾನೂ ಓದಿದೆ. ನೀವು ಬಿಟ್ಟ ಒಂದು ವಿಷಯ ಇದೆ. ರೂಪರ್ಟ್ಸ್ ಕಣಿವೆ. ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು ಅದರಲ್ಲಿದ್ದ ಆಫ್ರಿಕಾದ ಜನರನ್ನು 1840ರಿಂದ ಆ ಕಣಿವೆಯಲ್ಲಿ ಇಳಿಸ್ತಿತ್ತು. ಒಟ್ಟು 25 ಸಾವಿರಕ್ಕೂ ಹೆಚ್ಚು ಜನ. ರೋಗದಿಂದ, ಹಸಿವಿನಿಂದ ಸತ್ತು ಸುಮಾರು 8 ಸಾವಿರ ಜನ ಅಲ್ಲೇ ಮಣ್ಣಾದ್ರು. ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡೋಕೆ ಅಗೆದಾಗ 325 ಜನರ ಮೂಳೆ ಸಿಕ್ಕಿತು, 2008ರಲ್ಲಿ. ಅದನ್ನ ಪೆಟ್ಟಿಗೆಯಲ್ಲಿ ಹಾಕಿ ಒಂದು ಕಟ್ಟಡದಲ್ಲಿ ಇಟ್ಟಿದ್ರು. ವಾಪಸ್ ಮಣ್ಣು ಮಾಡಿದ್ದು 2022ರ ಆಗಸ್ಟ್‌ನಲ್ಲಿ. 14 ವರ್ಷ. ನೆಪೋಲಿಯನ್ ಸಮಾಧಿಯಲ್ಲಿ ಅವನೇ ಇಲ್ಲ, 1840ರಲ್ಲೇ ಪ್ಯಾರಿಸ್ಸಿಗೆ ತಗೊಂಡು ಹೋದ್ರು. ಆ ಖಾಲಿ ಸಮಾಧಿಗೆ ಬೇಲಿ, ಬಾವುಟ ಎಲ್ಲಾ ಇದೆ.

ನಿಮ್ಮ ಟ್ರಸ್ಟಿನಲ್ಲಿ ಖುರ್ಚಿ ಯಾರಿಗೆ? ಐನ್‌ಮನೆ (ಕೊಡವರ ಮೂಲಮನೆ) ಇದ್ದವರಿಗೆ ಮಾತ್ರನಾ? ದೇವರಕಾಡಿನ ಹಬ್ಬಕ್ಕೆ ನಮ್ಮವರು ಬಂದು ಡೋಲು ಬಡೀತಾರೆ, ಬೇರು ಸೊಪ್ಪು ಗೊತ್ತಿರೋದೂ ನಮ್ಮ ಅಜ್ಜಿಯರಿಗೆ. ಸಮಿತಿಯಲ್ಲಿ ಮಾತ್ರ ಹೆಸರಿರಲ್ಲ.

ಅರೇಬಿಕಾ ಅಕ್ಕ
ಮಂಗಳವಾರ, ಮಧ್ಯಾಹ್ನ 2:15

ತಮ್ಮಾ, ನೀನು ಹೇಳಿದ್ದರಲ್ಲಿ ತಳ್ಳಿ ಹಾಕೋ ಹಾಗಿರೋದು ಏನೂ ಇಲ್ಲ. ನಮ್ಮ ಊರ ಸಮಿತಿಯಲ್ಲಿ ಹೆಂಗಸರ ಹೆಸರೂ ಇಲ್ಲ, ಅದನ್ನೂ ಸೇರಿಸಿಕೋ.

ಪೈಸಾರಿ ರಾಜ
ಮಂಗಳವಾರ, ಮಧ್ಯಾಹ್ನ 3:00

ಇದೆಲ್ಲಾ ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯನ್ನು ಹಿಂಬಾಗಿಲಿನಿಂದ ತರೋ ಹುನ್ನಾರ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟವನ್ನ ವಿಶ್ವ ಪರಂಪರೆ ಅಂತ ಮಾಡಿದಾಗಲೇ ಹೇಳಿದ್ವಿ. ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಎಲ್ಲಾ ಪಟ್ಟಿಗೆ ಹೋಯ್ತು. ನಾಳೆ ಹಸು ಮೇಯಿಸೋಕೂ ಇವರ ಟ್ರಸ್ಟಿನ ಪರ್ಮಿಶನ್ ಬೇಕಾಗುತ್ತೆ. ಊರು ಬಿಟ್ಟು ಹೋದವರು, ಕೆಲಸ ಇಲ್ಲದವರು ಸೇರಿ ನಮ್ಮ ಜಾಗಕ್ಕೆ ಕಣ್ಣು ಹಾಕಿದ್ದೀರಾ.

ನಿರ್ವಾಹಕ
ಮಂಗಳವಾರ, ಮಧ್ಯಾಹ್ನ 3:20

ಕಸ್ತೂರಿರಂಗನ್ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲೇ ಮುಂದುವರಿಸಿ. ಇಲ್ಲಿ ಯಾರ ಮೇಲೂ ವೈಯಕ್ತಿಕ ಆರೋಪ ಬೇಡ.

ಜಮ್ಮಾಬಾಣೆ
ಮಂಗಳವಾರ, ರಾತ್ರಿ 8:30

ಪೈಸಾರಿಯವರ ಹೆದರಿಕೆಯನ್ನ ಹಾಸ್ಯ ಮಾಡಬೇಡಿ. ಹೊರಗಿನಿಂದ ಬಂದ ಗೆರೆ ನಮ್ಮ ಪಹಣಿ ಮೇಲೆ ಬೀಳುತ್ತೆ ಅನ್ನೋ ಭಯ ಇಲ್ಲಿ ಎಲ್ಲರಿಗೂ ಇದೆ, ನನಗೂ ಇದೆ. ಅದಕ್ಕೇ ಗೆರೆ ಒಳಗಿನಿಂದ ಹಾಕೋ ದಾರಿ ಇದೆಯಾ ಅಂತ ನೋಡಿದೆ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಕಾಗದದ ಮೇಲಷ್ಟೇ ಇದೆ. ಅದೇ ಕಾಯ್ದೆಯ 37ನೇ ಕಲಂನಲ್ಲಿ ಜೀವವೈವಿಧ್ಯ ಪರಂಪರೆ ತಾಣ ಅಂತ ಘೋಷಿಸಬಹುದು, ಸ್ಥಳೀಯ ಸಂಸ್ಥೆ ಜೊತೆ ಸಮಾಲೋಚನೆ ಮಾಡಿ ರಾಜ್ಯ ಸರ್ಕಾರ ಮಾಡಬೇಕು. ದೇಶದಲ್ಲೇ ಮೊದಲು ಹಾಗೆ ಘೋಷಣೆ ಆಗಿದ್ದು ನಮ್ಮ ರಾಜ್ಯದ್ದು, ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು, 2007ರಲ್ಲಿ. ಹುಣಸೆ ತೋಪಿಗೆ ಸಿಕ್ಕಿದ್ದು ಅಯ್ಯಪ್ಪನ ಕಾಡಿಗೆ ಯಾಕೆ ಸಿಗಬಾರದು?

ಟ್ರಸ್ಟ್ ಇಲ್ಲಿ ಬರೋದು ಗುಮಾಸ್ತನ ಥರ. ಜಾಗದ ಒಡೆಯ ಅಲ್ಲ. ಸಮಿತಿಗೆ ದಾಖಲೆ ತಯಾರು ಮಾಡಿಕೊಡೋದು, ಗಿಡ ಹಕ್ಕಿ ಪಟ್ಟಿ, ನಕ್ಷೆ, ಹಬ್ಬದ ಕಟ್ಟುಪಾಡು, ಯಾರ್ಯಾರಿಗೆ ಯಾವ ಕೆಲಸ ಅನ್ನೋದು. ಡೋಲು ಬಡಿಯೋರ ಹೆಸರು ಕೂಡ. ಹಾಡಿಯ ತಮ್ಮ ಹೇಳಿದ್ದು ದಾಖಲೆಗೆ ಹೋಗಬೇಕು, ಯಾಕಂದ್ರೆ ದಾಖಲೆಯಲ್ಲಿ ಇಲ್ಲದ ಹಕ್ಕು ನಾಳೆ ಇರಲ್ಲ.

ಖಾಸಗಿ ಜಾಗ ಕೊಂಡು ಕಾಡು ಬಿಟ್ಟ ಮಾದರಿಯೂ ಜಿಲ್ಲೆಯಲ್ಲೇ ಇದೆ. ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ ದಕ್ಷಿಣ ಕೊಡಗಿನಲ್ಲಿ ಪಾಳುಬಿದ್ದ ಜಮೀನು ಕೊಂಡು ಶುರು ಮಾಡಿದ್ದು ಸುಮಾರು 300 ಎಕರೆಗೆ ಬೆಳೆಯಿತು. ದುಡ್ಡಿದ್ದವರು ಮಾಡಬಹುದು, ಮಾಡಲಿ. ದೇವರಕಾಡಿಗೆ ಅದು ಹೊಂದಲ್ಲ.

ಸೂರ್ಲಬ್ಬಿಮಳೆ
ಮಂಗಳವಾರ, ರಾತ್ರಿ 9:40

ಸಣ್ಣದಾಗಿ ಶುರು ಮಾಡಬಹುದು ಅನ್ನೋದಕ್ಕೆ ಆ ದ್ವೀಪದ್ದೇ ಒಂದು ಕಥೆ. ಸೇಂಟ್ ಹೆಲೆನಾ ಎಬನಿ ಅಂತ ಒಂದು ಗಿಡ, ನೂರು ವರ್ಷಕ್ಕೂ ಮೇಲೆ ಯಾರೂ ನೋಡಿರಲಿಲ್ಲ, ಅಳಿದೇ ಹೋಯ್ತು ಅಂದುಕೊಂಡಿದ್ರು. 1980ರಲ್ಲಿ ಜಾರ್ಜ್ ಬೆಂಜಮಿನ್ ಅನ್ನೋ ದ್ವೀಪದವರೇ, ಕ್ವೆಂಟಿನ್ ಕ್ರಾಂಕ್ ಅನ್ನೋ ಸಸ್ಯಶಾಸ್ತ್ರಜ್ಞರ ಜೊತೆ ಇದ್ದಾಗ, ಕಡಿದಾದ ಬಂಡೆಯಲ್ಲಿ ಎರಡು ಗಿಡ ಕಂಡರು. ಬರೀ ಎರಡು. ಅದರ ಕಡ್ಡಿ ತಂದು ನೆಟ್ಟು ಈಗ ಸಾವಿರಾರು ಮಾಡಿದ್ದಾರೆ. ಎಲ್ಲಾ ಸಲ ಹೀಗೆ ಆಗಲಿಲ್ಲ. ಸೇಂಟ್ ಹೆಲೆನಾ ಆಲಿವ್ ಅನ್ನೋ ಮರದ ಕೊನೇ ಗಿಡ 2003ರಲ್ಲಿ ಸತ್ತಿತು, ಎಷ್ಟು ಕಷ್ಟಪಟ್ಟರೂ ಉಳೀಲಿಲ್ಲ. ಟ್ರಸ್ಟ್ ಶುರುವಾಗಿ ಒಂದು ವರ್ಷ ಆಗಿತ್ತು ಅಷ್ಟೇ.

ಕಾವೇರಿಯಿಂದ ಕೆಂಗೇರಿ
ಮಂಗಳವಾರ, ರಾತ್ರಿ 10:05

ಸರಿ, ಕ್ಯೂಆರ್ ಕೋಡ್ ವಾಪಸ್. ನನ್ನಿಂದ ಏನಾಗಬಹುದು ಹೇಳಿ. ಜಿಪಿಎಸ್ ಹಿಡಿದು ಗಡಿ ನಡೆಯೋಕೆ ಬರುತ್ತೆ. ಹಳೇ ನಕ್ಷೆಯನ್ನ ಸ್ಕ್ಯಾನ್ ಮಾಡಿ ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸೋಕೂ ಬರುತ್ತೆ.

ಕುಶಾಲನಗರದವ
ಮಂಗಳವಾರ, ರಾತ್ರಿ 10:11

ಈಗ ಬಂದ್ರಿ ನೋಡಿ ದಾರಿಗೆ. ಆದ್ರೆ ಬೇಲಿ ಎಲ್ಲಿಂದ ಎಲ್ಲಿಗೆ ಸರಿದಿದೆ ಅಂತ ನಕ್ಷೆ ತೋರಿಸಿದ ದಿನ ಊರಲ್ಲಿ ನಿಮಗೆ ಯಾರೂ ಕಾಫಿ ಕೊಡಲ್ಲ, ತಯಾರಿರಿ.

ಅರೇಬಿಕಾ ಅಕ್ಕ
ಬುಧವಾರ, ಬೆಳಿಗ್ಗೆ 9:25

ಅದನ್ನೇ ಯೋಚಿಸ್ತಾ ಇದ್ದೆ. ಇನ್ನೊಬ್ಬರ ಬೇಲಿಯಿಂದ ಶುರು ಮಾಡಿದ್ರೆ ಜಗಳ ಖಂಡಿತ. ನಮ್ಮ ತೋಟದ ಪಶ್ಚಿಮಕ್ಕೆ ಒಂದು ಭಗವತಿಯ ದೇವರಕಾಡು ಇದೆ. ನಮ್ಮ ಮಾವನವರ ಕಾಲದಲ್ಲಿ ಆ ಕಡೆ ಒಂದು ಸಾಲು ಕಾಫಿ ಜಾಸ್ತಿ ಹಾಕಿದ್ದಾರೆ ಅಂತ ಮನೆಯಲ್ಲೇ ಮಾತಿದೆ. ಹದ್ದುಬಸ್ತು ಮಾಡಿಸಿ, ನಮ್ಮ ಕಡೆಯಿಂದಲೇ ಮೊದಲು ಅಳೀಲಿ. ಮನೆಯವರ ಜೊತೆ ಮಾತಾಡಿದ್ದೇನೆ. ಅವರು ಮೊದಲು ಎರಡು ದಿನ ಮಾತು ಬಿಟ್ಟರು, ಈಗ ಹೂಂ ಅಂದಿದ್ದಾರೆ.

ತಕ್ಕರ ಒಪ್ಪಿಗೆ ಇಲ್ಲದೆ ಕಾಡಿನೊಳಗೆ ಕಾಲಿಡೋ ಹಾಗಿಲ್ಲ. ಅವರನ್ನ ಕೇಳೋ ಜವಾಬ್ದಾರಿ ನನ್ನದು. ಮಾಸ್ಟ್ರು ಜೊತೆಗೆ ಬಂದ್ರೆ ಅನುಕೂಲ, ನನ್ನೊಬ್ಬಳ ಮಾತಿಗೆ ಅವರು ತಲೆ ಅಲ್ಲಾಡಿಸಿ ಕಳಿಸಿಬಿಡ್ತಾರೆ. ಹಾಡಿಯ ತಮ್ಮ, ನಿನ್ನ ಅಜ್ಜಿ ಬರ್ತಾರಾ ಕೇಳು, ಗಿಡದ ಹೆಸರು ಬರೆಸೋಕೆ. ಕೂಲಿ ಲೆಕ್ಕದಲ್ಲಿ ಕೊಡ್ತೀವಿ, ಪುಗಸಟ್ಟೆ ಅಲ್ಲ.

ಹಾಡಿಯಿಂದ
ಬುಧವಾರ, ಬೆಳಿಗ್ಗೆ 11:00

ಅಜ್ಜಿಗೆ ಮಂಡಿ ನೋವು, ಗುಡ್ಡ ಹತ್ತೋಕೆ ಆಗಲ್ಲ. ಎಲೆ ತಂದು ತೋರಿಸಿದ್ರೆ ಹೆಸರು ಹೇಳ್ತಾರೆ. ಕೆಲವು ಗಿಡದ ಉಪಯೋಗ ಹೇಳಲ್ಲ, ಅದನ್ನ ಬರೆಯೋ ಹಾಗಿಲ್ಲ ಅಂತಾರೆ. ಅದಕ್ಕೆ ಒಪ್ಪಿದ್ರೆ ನಾನೂ ಬರ್ತೀನಿ. ಪಟ್ಟಿಯ ಮೇಲೆ ಅವರ ಹೆಸರಿರಬೇಕು.

ಕಡಂಗದಂಚು
ಬುಧವಾರ, ಮಧ್ಯಾಹ್ನ 12:10

ಬರುತ್ತೇನೆ ಅಕ್ಕ. ಮಳೆ ಹಿಡಿಯುವ ಮುಂಚೆ ಆಗಲಿ, ಆಮೇಲೆ ಇಂಬಳ ನಮ್ಮನ್ನು ಒಳಗೆ ಬಿಡುವುದಿಲ್ಲ. ಅಜ್ಜಿ ಹೇಳದ್ದನ್ನು ಬರೆಯುವುದಿಲ್ಲ, ಆ ಸಾಲು ಖಾಲಿ ಬಿಡೋಣ.

ಜಮ್ಮಾಬಾಣೆ
ಬುಧವಾರ, ರಾತ್ರಿ 8:15

ಅಕ್ಕ, ಹದ್ದುಬಸ್ತು ಅರ್ಜಿಗೆ ಪಹಣಿ, ಆಧಾರ್ ಪ್ರತಿ, ಶುಲ್ಕ ಬೇಕು. ಪಕ್ಕದ ಜಮೀನಿನವರಿಗೆ ನೋಟಿಸ್ ಹೋಗುತ್ತೆ, ನಿಮ್ಮ ಪಕ್ಕ ದೇವರಕಾಡು ಆದ್ದರಿಂದ ಅರಣ್ಯ ಇಲಾಖೆಗೂ ತಿಳಿಸಬೇಕಾಗುತ್ತೆ. ಹಳೇ ಸರ್ವೆಯ ಟಿಪ್ಪಣಿ ಪ್ರತಿಗೂ ಒಟ್ಟಿಗೇ ಅರ್ಜಿ ಹಾಕಿ, ಅದಿಲ್ಲದೆ ಅಳೆದ್ರೆ ಪ್ರಯೋಜನ ಇಲ್ಲ. ಗುರುವಾರ ನನಗೆ ವಿರಾಜಪೇಟೆಯಲ್ಲಿ ಕೆಲಸ ಇದೆ. ಸರ್ವೆ ನಂಬರ್ ಇಲ್ಲಿ ಹಾಕಬೇಡಿ, ಪ್ರತ್ಯೇಕ ಮೆಸೇಜ್ ಮಾಡಿ.